ಸ್ಕಿಜೋಫ್ರೇನಿಯಾದ ನೆಗೆಟಿವ್ ಲಕ್ಷಣಗಳನ್ನು ಗುರುತಿಸುವುದು, ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಿಜೋಫ್ರೇನಿಯಾ ಅಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ಕಿವಿಯಲ್ಲಿ ಕೇಳಿಸುವ ದನಿಗಳು, ಯಾರೋ ಬೆನ್ನು ಹತ್ತಿದ್ದಾರೆ ಅನ್ನುವ ಅನುಮಾನ. ಔಷಧಿ ಶುರುವಾದ ಮೇಲೆ ಬಹಳಷ್ಟು ಜನರಲ್ಲಿ ಇವು ತಗ್ಗುತ್ತವೆ. ಆದರೆ ಮಾತು ವಾಪಸ್ ಬರುವುದಿಲ್ಲ. ನಗು ಬರುವುದಿಲ್ಲ. ಏನನ್ನಾದರೂ ಮಾಡಬೇಕು ಅನ್ನುವ ಮನಸ್ಸೇ ಹುಟ್ಟುವುದಿಲ್ಲ. ಗಲಾಟೆ ಇಲ್ಲದ ಕಾರಣ ಇದನ್ನು ಯಾರೂ ತೊಂದರೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿರುವ ಪ್ರಶ್ನೆಗಳು ಮನೆಯವರಿಂದ, ಈ ಕಾಯಿಲೆ ಇರುವವರಿಂದ, ಈ ಕೆಲಸಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಮತ್ತು ನರ್ಸ್‌ಗಳಿಂದ ಮತ್ತೆ ಮತ್ತೆ ಬರುವಂಥವು.

ನೆಗೆಟಿವ್ ಲಕ್ಷಣ ಅಂದರೆ ಏನು?

ಸಾಮಾನ್ಯವಾಗಿ ಎಲ್ಲರಲ್ಲೂ ಇರುವ ಒಂದು ಸಾಮರ್ಥ್ಯ ಕಡಿಮೆಯಾಗುವುದು ಅಥವಾ ಇಲ್ಲವಾಗುವುದು. ದನಿ ಕೇಳಿಸುವುದು, ಇಲ್ಲದ್ದನ್ನು ನಂಬುವುದು ಹೊಸದಾಗಿ ಬಂದು ಸೇರಿದ ತೊಂದರೆಗಳು. ಅವನ್ನು ಪಾಸಿಟಿವ್ ಲಕ್ಷಣ ಅನ್ನುತ್ತಾರೆ.

2005ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ಚರ್ಚೆ ನಡೆಸಿತು. ಆಗ ಐದು ಗುಂಪುಗಳ ಬಗ್ಗೆ ಒಮ್ಮತ ಮೂಡಿತು. ಭಾವನೆ ಹೊರಗೆ ಕಾಣಿಸುವುದು ಕಡಿಮೆಯಾಗುವುದು ಒಂದು: ಮುಖ ಒಂದೇ ಥರ, ದನಿಯಲ್ಲಿ ಏರಿಳಿತ ಇಲ್ಲ, ಮಾತಾಡುವಾಗ ಕೈ ಆಡುವುದಿಲ್ಲ. ಮಾತು ಕಡಿಮೆಯಾಗುವುದು ಎರಡನೆಯದು. ಮೂರನೆಯದು ಕೆಲಸ ಶುರು ಮಾಡುವ, ಮುಂದುವರಿಸುವ ಹುಮ್ಮಸ್ಸು ಬತ್ತಿಹೋಗುವುದು. ನಾಲ್ಕು, ಖುಷಿಯ ಅನುಭವ ಕಡಿಮೆಯಾಗುವುದು. ಐದು, ಜನರ ಜೊತೆ ಬೆರೆಯುವ ಆಸೆ ಕಡಿಮೆಯಾಗುವುದು.

ಈ ಐದೂ ಎಲ್ಲರಲ್ಲೂ ಒಟ್ಟಿಗೆ ಇರಬೇಕೆಂದಿಲ್ಲ. ಸಂಶೋಧನೆಗಳಲ್ಲಿ ಇವು ಎರಡು ಗೊಂಚಲುಗಳಾಗಿ ಕಾಣಿಸಿಕೊಳ್ಳುವುದು ಹೆಚ್ಚು. ಮೊದಲ ಎರಡು, ಅಂದರೆ ಭಾವನೆ ತೋರಿಸುವುದು ಮತ್ತು ಮಾತು, ಒಂದು ಕಡೆ. ಹುಮ್ಮಸ್ಸು, ಖುಷಿ, ಒಡನಾಟ ಇನ್ನೊಂದು ಕಡೆ. ಕೆಲಸ, ಓದು, ಸ್ನೇಹ ಇವುಗಳಿಗೆ ಹೆಚ್ಚು ಪೆಟ್ಟು ಕೊಡುವುದು ಈ ಎರಡನೇ ಗೊಂಚಲು.

ಇದು ಸೋಮಾರಿತನ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ದಿನ ಮಲಗಿರುವ, ಕರೆದರೆ "ಹೂಂ" ಅಂದು ಅಲ್ಲೇ ಇರುವ ಮಗನನ್ನು ವರ್ಷಗಟ್ಟಲೆ ನೋಡಿದ ತಾಯಿಗೆ ಹಾಗನ್ನಿಸುವುದು ಸಹಜ.

ಸೋಮಾರಿತನ ಇರುವವರು ಸಾಮಾನ್ಯವಾಗಿ ತಮಗೆ ಬೇಡದ ಕೆಲಸವನ್ನು ತಪ್ಪಿಸಿಕೊಳ್ಳುತ್ತಾರೆ. ತಮಗೆ ಇಷ್ಟವಾದದ್ದಕ್ಕೆ ಎದ್ದು ಹೋಗುತ್ತಾರೆ. ನೆಗೆಟಿವ್ ಲಕ್ಷಣ ಇರುವವರಲ್ಲಿ ಮೊದಲು ತುಂಬಾ ಇಷ್ಟವಾಗಿದ್ದದ್ದೂ ಬಿಟ್ಟುಹೋಗಿರುತ್ತದೆ. ದಿನವಿಡೀ ಹಾಡು ಕೇಳುತ್ತಿದ್ದ ಹುಡುಗಿ ಈಗ ಹಾಡು ಹಾಕುವುದೇ ಇಲ್ಲ. ಹೊಟ್ಟೆ ಹಸಿದಿದ್ದರೂ ಎದ್ದು ಹೋಗಿ ತಟ್ಟೆ ತೆಗೆದುಕೊಳ್ಳುವುದಿಲ್ಲ. ಹಳೆಯ ಸ್ವಭಾವಕ್ಕೂ ಈಗಿನದ್ದಕ್ಕೂ ಇರುವ ಈ ವ್ಯತ್ಯಾಸವೇ ಮೊದಲ ಸುಳಿವು. ಹಾಗಾಗಿ ಮೌಲ್ಯಮಾಪನ ಮಾಡುವವರು "ಕಾಯಿಲೆಗೆ ಮುಂಚೆ ಇವರು ಹೇಗಿದ್ದರು?" ಅಂತ ಕೇಳಲೇಬೇಕು.

ಅಳೆಯುವ ಅಗತ್ಯವಾದರೂ ಏನು? ನೋಡಿದರೇ ಗೊತ್ತಾಗಲ್ವಾ?

ಒಂದು ಮಟ್ಟಿಗೆ ಗೊತ್ತಾಗುತ್ತದೆ. ಆದರೆ "ಮಂಕಾಗಿದ್ದಾರೆ" ಅನ್ನುವ ಒಂದು ಮಾತಿನಲ್ಲಿ ತುಂಬಾ ವಿಷಯ ಮುಚ್ಚಿಹೋಗುತ್ತದೆ. ಮಾತು ಕಡಿಮೆಯಾಗಿದೆಯಾ, ಆಸೆ ಕಡಿಮೆಯಾಗಿದೆಯಾ, ಅಥವಾ ಆಸೆ ಇದ್ದೂ ಧೈರ್ಯ ಸಾಲುತ್ತಿಲ್ಲವಾ? ಒಂದೊಂದಕ್ಕೂ ಮುಂದಿನ ದಾರಿ ಬೇರೆ. ಇನ್ನೊಂದು ಕಾರಣ, ಈ ಲಕ್ಷಣಗಳು ಬದಲಾಗುವುದು ನಿಧಾನ. ಮೂರು ತಿಂಗಳ ಹಿಂದಿನ ಸ್ಥಿತಿಯನ್ನು ಬರೆದಿಡದಿದ್ದರೆ, ಸಣ್ಣ ಚೇತರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಣ್ಣಿಗೆ ಬೀಳದಿದ್ದರೆ ಉಪಯೋಗವಾಗುತ್ತಿದ್ದ ಚಿಕಿತ್ಸೆಯನ್ನೂ ಸುಮ್ನೆ ಕೈಬಿಡುತ್ತೇವೆ.

ರಕ್ತ ಪರೀಕ್ಷೆ, ಸ್ಕ್ಯಾನ್‌ನಿಂದ ಪತ್ತೆ ಮಾಡಬಹುದಾ?

ಇಲ್ಲ. ಇವನ್ನು ಅಳೆಯುವುದು ಮಾತುಕತೆ, ಗಮನಿಸುವಿಕೆ ಮತ್ತು ಹತ್ತಿರದವರ ಮಾಹಿತಿಯಿಂದ. ರಕ್ತ ಪರೀಕ್ಷೆ ಮಾಡಿಸಿದರೆ ಅದು ಥೈರಾಯ್ಡ್ ಕೊರತೆ, ರಕ್ತಹೀನತೆಯಂಥ ಬೇರೆ ಕಾರಣ ಇದೆಯಾ ಅಂತ ನೋಡಲು.

ಸಂದರ್ಶನದಲ್ಲಿ ಏನೇನು ನಡೆಯುತ್ತದೆ?

ಒಳ್ಳೆಯ ಸಂದರ್ಶನ ಹೊರಗಿನಿಂದ ನೋಡಿದರೆ ಸಾದಾ ಮಾತುಕತೆಯ ಥರವೇ ಕಾಣುತ್ತದೆ. "ಕಳೆದ ವಾರ ಹೇಗೆ ಕಳೆಯಿತು? ನಿನ್ನೆ ಬೆಳಗ್ಗೆ ಎದ್ದ ಮೇಲೆ ಏನು ಮಾಡಿದಿರಿ? ಆಮೇಲೆ?" ಹೀಗೆ ಶುರುವಾಗುತ್ತದೆ. ಹೆಚ್ಚಿನ ಮಾಪಕಗಳು (ಲಕ್ಷಣಗಳಿಗೆ ಅಂಕ ಕೊಡಲು ಬಳಸುವ ಪಟ್ಟಿಗಳು) ಕಳೆದ ಒಂದು ವಾರದ ಬಗ್ಗೆ ಕೇಳುತ್ತವೆ. ತುಂಬಾ ಹಿಂದಿನದ್ದು ಸರಿಯಾಗಿ ನೆನಪಿರುವುದಿಲ್ಲ ಅನ್ನುವುದು ಇದಕ್ಕೆ ಒಂದು ಕಾರಣ.

ಸಂದರ್ಶಕರು ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತಿರುತ್ತಾರೆ. ಉತ್ತರದಲ್ಲಿ ಏನಿದೆ ಅಂತ ಕೇಳಿಸಿಕೊಳ್ಳುತ್ತಾರೆ. ಉತ್ತರ ಹೇಗೆ ಬಂತು ಅಂತಲೂ ನೋಡುತ್ತಾರೆ. ಒಂದೇ ಪದದ ಉತ್ತರವಾ, ತಾವಾಗಿಯೇ ಇನ್ನೆರಡು ಮಾತು ಸೇರಿಸಿದರಾ? ಖುಷಿಯ ಘಟನೆ ಹೇಳುವಾಗ ಮುಖ, ದನಿ ಬದಲಾಯಿತಾ? ಇದಕ್ಕಾಗಿಯೇ ಖುಷಿಯ, ಬೇಸರದ, ಹೆದರಿಕೆಯ ಸಂದರ್ಭಗಳನ್ನು ನೆನಪಿಸಿಕೊಂಡು ಹೇಳುವಂತೆ ಕೇಳುವುದುಂಟು.

ಹೊಸಬರು ಇಲ್ಲಿ ಎಡವುವುದು ಮೌನದ ಮುಂದೆ. ಪ್ರಶ್ನೆ ಕೇಳಿ ಐದು ಸೆಕೆಂಡ್ ಉತ್ತರ ಬರದಿದ್ದರೆ ನಮಗೆ ಇರುಸುಮುರುಸು. ತಕ್ಷಣ ಇನ್ನೊಂದು ಪ್ರಶ್ನೆ ಹಾಕುತ್ತೇವೆ, ಅಥವಾ ಉತ್ತರವನ್ನು ನಾವೇ ಬಾಯಿಗೆ ತುರುಕುತ್ತೇವೆ: "ಟಿವಿ ನೋಡಿದ್ರಾ? ಚೆನ್ನಾಗಿತ್ತಾ?" ಅವರು "ಹೂಂ" ಅನ್ನುತ್ತಾರೆ. ಇದರಿಂದ ಏನೂ ಗೊತ್ತಾಗುವುದಿಲ್ಲ. ಕಾಯಬೇಕು. ಕಾದರೆ ಮಾತು ಬರುವವರೂ ಇದ್ದಾರೆ. ನಿಧಾನವಾಗಿ ಬಂದ ಆ ಮಾತು ಎಷ್ಟೋ ಸಲ ತುಂಬಾ ಮುಖ್ಯವಾದದ್ದಾಗಿರುತ್ತದೆ.

ಮಾಡಿದ್ದನ್ನು ಕೇಳುವುದರ ಜೊತೆಗೆ ಬಯಸಿದ್ದನ್ನೂ ಕೇಳಬೇಕು. "ಈ ವಾರ ಯಾರನ್ನೂ ಭೇಟಿ ಮಾಡಲಿಲ್ಲ ಅಂದಿರಿ. ಮಾಡಬೇಕು ಅನ್ನಿಸಿತ್ತಾ? ಯಾರದಾದರೂ ನೆನಪು ಬಂತಾ?" ಗೆಳೆಯನ ನೆನಪು ದಿನಾ ಬಂದರೂ ಫೋನ್ ಮಾಡಲು ಹಿಂಜರಿಯುವವರ ಸ್ಥಿತಿ ಬೇರೆ, ಯಾರೂ ಬೇಡವೇ ಬೇಡ ಅನ್ನಿಸುವವರ ಸ್ಥಿತಿ ಬೇರೆ. ಹೊರಗಿನಿಂದ ನೋಡಿದರೆ ಇಬ್ಬರೂ ಕೋಣೆಯಲ್ಲಿ ಒಬ್ಬರೇ ಕೂತಿದ್ದಾರೆ, ಅಷ್ಟೇ.

ಮಾಡಿದ ಕೆಲಸದ ಬಗ್ಗೆಯೂ ಇನ್ನೊಂದು ಪ್ರಶ್ನೆ ಇದೆ: ಶುರು ಮಾಡಿದ್ದು ಯಾರು? ದಿನಾ ವಾಕಿಂಗ್ ಹೋಗುತ್ತಾರೆ ಅಂದರೆ ಹುಮ್ಮಸ್ಸು ಇದೆ ಅಂತ ಬರೆದುಬಿಡಬಾರದು. ಅಕ್ಕ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋಗುತ್ತಿರಬಹುದು.

ಯಾವ ಯಾವ ಮಾಪಕಗಳಿವೆ?

ಹೆಚ್ಚು ಬಳಕೆಯಲ್ಲಿರುವ ಕೆಲವನ್ನು ಮಾತ್ರ ಹೇಳುತ್ತೇನೆ.

ಸ್ಯಾನ್ಸ್ ಮಾಪಕವನ್ನು ಅಮೆರಿಕದ ಮನೋವೈದ್ಯೆ ನ್ಯಾನ್ಸಿ ಆಂಡ್ರಿಯಾಸನ್ 1980ರ ದಶಕದ ಆರಂಭದಲ್ಲಿ ರೂಪಿಸಿದರು. ಅಲ್ಲಿಯವರೆಗೆ ಈ ಲಕ್ಷಣಗಳನ್ನು ನಂಬಿಕಸ್ಥವಾಗಿ ಅಳೆಯಲು ಸಾಧ್ಯವಿಲ್ಲ ಅಂತಲೇ ಹಲವರು ಅಂದುಕೊಂಡಿದ್ದರು. ಇಬ್ಬರು ವೈದ್ಯರು ಒಬ್ಬರನ್ನೇ ನೋಡಿ ಹೆಚ್ಚುಕಡಿಮೆ ಒಂದೇ ಅಂಕ ಕೊಡಬಹುದು ಅಂತ ಈ ಮಾಪಕ ತೋರಿಸಿಕೊಟ್ಟಿತು. ಅದು ದೊಡ್ಡ ಹೆಜ್ಜೆ.

ಪ್ಯಾನ್ಸ್ ಬಂದದ್ದು 1987ರಲ್ಲಿ. ಕೇ, ಫಿಸ್ಬೈನ್, ಆಪ್ಲರ್ ಅನ್ನುವ ಮೂವರು ಇದನ್ನು ಪ್ರಕಟಿಸಿದರು. ಒಟ್ಟು 30 ಅಂಶಗಳು. ಅದರಲ್ಲಿ 7 ಪಾಸಿಟಿವ್, 7 ನೆಗೆಟಿವ್, 16 ಸಾಮಾನ್ಯ ತೊಂದರೆಗಳಿಗೆ. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಔಷಧಿ ಸಂಶೋಧನೆಗಳಲ್ಲಿ ಇವತ್ತಿಗೂ ತುಂಬಾ ಬಳಕೆಯಾಗುವುದು ಇದೇ.

2005ರ ಒಮ್ಮತದ ನಂತರ ಎರಡು ಹೊಸ ಮಾಪಕಗಳು ಬಂದವು. 2011ರಲ್ಲಿ ಬಿಎನ್‌ಎಸ್‌ಎಸ್, 2013ರಲ್ಲಿ ಕೇನ್ಸ್. ಎರಡರಲ್ಲೂ 13 ಅಂಶಗಳಿವೆ. ಎರಡೂ ಆ ಐದು ಗುಂಪುಗಳನ್ನೇ ಆಧರಿಸಿವೆ. ಒಳಗಿನ ಅನುಭವವನ್ನೂ ಹೊರಗಿನ ನಡವಳಿಕೆಯನ್ನೂ ಬೇರೆಯಾಗಿ ನೋಡುವ ಪ್ರಯತ್ನ ಇವುಗಳಲ್ಲಿದೆ. ಬಿಎನ್‌ಎಸ್‌ಎಸ್ ಚಿಕ್ಕದು, ಕ್ಲಿನಿಕ್‌ನ ಗಡಿಬಿಡಿಯಲ್ಲೂ ಮಾಡಬಹುದು. ಕೇನ್ಸ್‌ಗೆ ಸ್ವಲ್ಪ ಜಾಸ್ತಿ ಸಮಯ ಬೇಕು.

ಪ್ಯಾನ್ಸ್ ಮಾಡಿದ್ದೇವೆ. ಅದು ಸಾಲದಾ?

ಒಟ್ಟಾರೆ ಕಾಯಿಲೆ ಎಷ್ಟಿದೆ ಅಂತ ತಿಳಿಯಲು ಅದು ಒಳ್ಳೆಯ ಸಾಧನ. ನೆಗೆಟಿವ್ ಲಕ್ಷಣಗಳ ವಿಚಾರದಲ್ಲಿ ಅದಕ್ಕೆ ಕೆಲವು ಮಿತಿಗಳಿವೆ.

ಅದರ ನೆಗೆಟಿವ್ ಪಟ್ಟಿಯಲ್ಲಿ ಗಾದೆಯ ಅರ್ಥ ಹೇಳುವಂಥ ಅಮೂರ್ತ ಯೋಚನೆಯ ತೊಂದರೆ ಮತ್ತು ಒಂದೇ ಜಾಡಿನಲ್ಲಿ ಯೋಚಿಸುವುದು ಸೇರಿವೆ. ಇವು ಯೋಚನಾಶಕ್ತಿಗೆ ಸೇರಿದವು ಅನ್ನುವುದು ಈಗಿನ ತಿಳಿವಳಿಕೆ. ಖುಷಿಯ ಅನುಭವ ಕಡಿಮೆಯಾಗಿದೆಯಾ ಅನ್ನುವುದಕ್ಕೆ ಅದರಲ್ಲಿ ಪ್ರತ್ಯೇಕ ಅಂಶವೇ ಇಲ್ಲ. ಜೊತೆಗೆ ಹೆಚ್ಚಿನ ಅಂಕಗಳು ನಡವಳಿಕೆ ನೋಡಿ ಕೊಡುವಂಥವು. ಮನಸ್ಸಿನೊಳಗಿನ ಆಸೆಯ ವಿಚಾರ ಹಿಂದೆ ಬೀಳುತ್ತದೆ.

ಲೆಕ್ಕದಲ್ಲಿ ಆಗಾಗ ಆಗುವ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಪ್ಯಾನ್ಸ್‌ನಲ್ಲಿ 1 ಅಂದರೆ "ಲಕ್ಷಣ ಇಲ್ಲ". ಹಾಗಾಗಿ ನೆಗೆಟಿವ್ ಪಟ್ಟಿಯ ಅತಿ ಕಡಿಮೆ ಅಂಕ ಸೊನ್ನೆ ಅಲ್ಲ, 7. ಶೇಕಡಾ ಎಷ್ಟು ಸುಧಾರಿಸಿತು ಅಂತ ಲೆಕ್ಕ ಹಾಕುವಾಗ ಮೊದಲಿನ ಅಂಕದಿಂದ ಈ 7ನ್ನು ಕಳೆಯಬೇಕು. 27 ಇದ್ದದ್ದು 17 ಆದರೆ ಸುಧಾರಣೆ ಶೇಕಡಾ 37 ಅಲ್ಲ. 20ರಲ್ಲಿ 10 ಇಳಿದಿದೆ, ಅಂದರೆ ಶೇಕಡಾ 50.

ಯುರೋಪಿನ ಮನೋವೈದ್ಯರ ಸಂಘ 2021ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯೂ ಹೊಸ ಮಾಪಕಗಳನ್ನು ಜೊತೆಯಲ್ಲಿ ಬಳಸುವುದು ಒಳ್ಳೆಯದು ಅನ್ನುತ್ತದೆ.

"ಮೂಲ" ಮತ್ತು "ಬೇರೆ ಕಾರಣದ" ನೆಗೆಟಿವ್ ಲಕ್ಷಣ ಅಂತ ವಿಂಗಡಿಸುತ್ತಾರಲ್ಲ, ಅದೇನು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ನಿಮಗೆ ಸಮಯ ಇದ್ದರೆ ಇದನ್ನು ಓದಿ.

ಒಬ್ಬರು ಮಾತಾಡುತ್ತಿಲ್ಲ, ಹೊರಗೆ ಹೋಗುತ್ತಿಲ್ಲ. ಇದು ಕಾಯಿಲೆಯ ಒಳಗಿನಿಂದಲೇ ಬಂದಿರಬಹುದು. ಅದು ಮೂಲ ಲಕ್ಷಣ. ಆದರೆ ಬೇರೆ ಯಾವುದೋ ತೊಂದರೆ ಇದೇ ರೂಪದಲ್ಲಿ ಕಾಣಿಸಿಕೊಂಡಿರಬಹುದು. ಹೊರಗೆ ಹೋದರೆ ಕೊಲ್ಲುತ್ತಾರೆ ಅನ್ನುವ ಭಯದಿಂದ ಬಾಗಿಲು ಹಾಕಿಕೊಂಡಿರಬಹುದು. ದನಿಗಳು "ಬಾಯಿ ಮುಚ್ಚು" ಅನ್ನುತ್ತಿರಬಹುದು. ಖಿನ್ನತೆ ಇರಬಹುದು. ಔಷಧಿಯ ಡೋಸ್ ಜಾಸ್ತಿಯಾಗಿ ಮೈ ಜಡವಾಗಿರಬಹುದು. ಕುಡಿತ, ಗಾಂಜಾ ಇರಬಹುದು. ನಿದ್ದೆ ಸರಿಯಿಲ್ಲದಿರಬಹುದು. ಕಿವಿ ಸರಿಯಾಗಿ ಕೇಳಿಸದೇ ಇರಬಹುದು. ವಯಸ್ಸಾದವರಲ್ಲಿ ಇದನ್ನು ಮರೆತೇಬಿಡುತ್ತಾರೆ.

ಇನ್ನೊಂದು ಕಾರಣ, ಮಾಡಲು ಏನೂ ಇಲ್ಲದಿರುವುದು. ಇದಕ್ಕೆ ಹಳೆಯ, ಬಲವಾದ ಸಾಕ್ಷಿ ಇದೆ. ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ 1960ರ ದಶಕದಲ್ಲಿ ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ದೀರ್ಘಕಾಲ ಇದ್ದ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ 1970ರಲ್ಲಿ ವರದಿ ಪ್ರಕಟಿಸಿದರು. ವಾರ್ಡಿನ ಬದುಕು ಬರಡಾಗಿದ್ದಷ್ಟೂ ಮಾತಿನ ಕೊರತೆ, ಭಾವನೆಯ ಮಂಕು, ಹಿಂಜರಿತ ಹೆಚ್ಚಾಗಿ ಕಂಡವು. ಸುಧಾರಣೆಯ ಜೊತೆ ಅತ್ಯಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದದ್ದು ಸುಮ್ಮನೆ ಕೂತು ಕಳೆಯುವ ಸಮಯ ಕಡಿಮೆಯಾಗಿದ್ದು. ಅಂದರೆ ನಾವು ಕಾಯಿಲೆ ಅಂದುಕೊಂಡದ್ದರಲ್ಲಿ ಒಂದು ಪಾಲು ಅವರನ್ನು ಇಟ್ಟ ಜಾಗದ್ದು. ನಾಲ್ಕು ಗೋಡೆಯ ನಡುವೆ, ಕೈಯಲ್ಲಿ ಕಾಸಿಲ್ಲದೆ, ಯಾರೂ ಮಾತಾಡಿಸದೆ ಇರುವ ಯಾರನ್ನಾದರೂ ಅಳೆಯುವ ಮುಂಚೆ ಇದು ನೆನಪಿರಬೇಕು.

ಈ ವಿಂಗಡಣೆ ಯಾಕೆ ಇಷ್ಟು ಮುಖ್ಯ ಅಂದರೆ, ಬೇರೆ ಕಾರಣದಿಂದ ಬಂದದ್ದನ್ನು ಆ ಕಾರಣಕ್ಕೆ ಮದ್ದು ಮಾಡಿ ಇಳಿಸಬಹುದು. "ಇದು ಕಾಯಿಲೆಯ ಸ್ವಭಾವ, ಏನೂ ಮಾಡಕ್ಕಾಗಲ್ಲ" ಅಂತ ಫೈಲ್ ಮುಚ್ಚಿದರೆ ಆ ವ್ಯಕ್ತಿಯ ಹತ್ತು ವರ್ಷ ಹೋಗಿಬಿಡುತ್ತದೆ. ಒಂದೇ ಭೇಟಿಯಲ್ಲಿ ಈ ವಿಂಗಡಣೆ ಮಾಡಲು ಆಗುವುದಿಲ್ಲ. ಡೋಸ್ ಬದಲಾದಾಗ ಏನಾಯಿತು, ಭಯ ಇಳಿದಾಗ ಏನಾಯಿತು, ದಿನಚರಿ ಬದಲಾದಾಗ ಏನಾಯಿತು ಅಂತ ತಿಂಗಳುಗಟ್ಟಲೆ ನೋಡಬೇಕು.

ಖಿನ್ನತೆಯಿಂದ ಬೇರೆ ಮಾಡುವುದು ಹೇಗೆ?

ಕಷ್ಟದ ಕೆಲಸವೇ. ಎರಡರಲ್ಲೂ ಹುಮ್ಮಸ್ಸಿಲ್ಲ, ಖುಷಿಯಿಲ್ಲ, ಜನ ಬೇಡ. ಖಿನ್ನತೆಯ ಕಡೆ ಬೊಟ್ಟು ಮಾಡುವುದು ನೋವು: ಮನಸ್ಸು ಭಾರ, ತಪ್ಪಿತಸ್ಥ ಭಾವ, ಮುಂದೆ ಏನೂ ಇಲ್ಲ ಅನ್ನುವ ಹತಾಶೆ, ಬೆಳಗಿನ ಜಾವ ಎಚ್ಚರವಾಗುವುದು, ಸಾಯುವ ಯೋಚನೆ. ಬರೀ ನೆಗೆಟಿವ್ ಲಕ್ಷಣ ಇರುವವರಲ್ಲಿ ಈ ಯಾತನೆ ಅಷ್ಟಾಗಿ ಕಾಣುವುದಿಲ್ಲ, ಎಲ್ಲವೂ ಚಪ್ಪಟೆಯಾಗಿರುತ್ತದೆ.

ಮುಖ ನೋಡಿ ತೀರ್ಮಾನಿಸಲು ಹೋಗಬೇಡಿ. ಭಾವನೆ ಮುಖಕ್ಕೆ ಬರದವರು ಒಳಗೊಳಗೇ ಖಿನ್ನರಾಗಿರಬಹುದು. ಬಾಯಿಬಿಟ್ಟು ಕೇಳಬೇಕು. ಇದಕ್ಕೆಂದೇ ಕೆನಡಾದ ಕ್ಯಾಲ್ಗರಿಯಲ್ಲಿ ಡೊನಾಲ್ಡ್ ಆಡಿಂಗ್ಟನ್, ಜೀನ್ ಆಡಿಂಗ್ಟನ್ ಮತ್ತು ಸಹೋದ್ಯೋಗಿಗಳು 9 ಅಂಶಗಳ ಮಾಪಕ ರೂಪಿಸಿದರು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಖಿನ್ನತೆಯನ್ನು ನೆಗೆಟಿವ್ ಲಕ್ಷಣಗಳ ಜೊತೆ ಕಲಸಿಕೊಳ್ಳದೆ ಅಳೆಯುವುದು ಅದರ ಉದ್ದೇಶ. ಎರಡೂ ಒಟ್ಟಿಗೆ ಇರಬಹುದು ಅನ್ನುವುದೂ ಗೊತ್ತಿರಲಿ.

ಔಷಧಿಯಿಂದಲೇ ಹೀಗಾಗಿದೆ ಅಂತ ನಮಗೆ ಅನುಮಾನ. ನಿಲ್ಲಿಸಿಬಿಡೋಣವಾ?

ನೀವಾಗಿಯೇ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಆದರೆ ನಿಮ್ಮ ಅನುಮಾನವನ್ನು ವೈದ್ಯರಿಗೆ ಹೇಳಲೇಬೇಕು, ಅದು ಬೆಲೆಯುಳ್ಳ ಮಾಹಿತಿ.

ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸ ತಡೆಯುವ ಔಷಧಿಗಳು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಸ್ಥಿತಿ ತರುತ್ತವೆ. ಮುಖ ಬಿಗಿಯುತ್ತದೆ, ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ, ಕೈ ನಡುಗುತ್ತದೆ. ಮುಖವನ್ನಷ್ಟೇ ನೋಡಿದವರು ಇದನ್ನು ಭಾವನೆ ಬತ್ತಿದೆ ಅಂತ ಬರೆದುಕೊಳ್ಳುತ್ತಾರೆ. ಹಾಗಾಗಿ ಕೈ ಮಡಚಿ ಬಿಡಿಸಿ ನೋಡಬೇಕು, ನಡೆಸಿ ನೋಡಬೇಕು. 1970ರಲ್ಲಿ ಬಂದ ಸಿಂಪ್ಸನ್-ಆಂಗಸ್ ಮಾಪಕ ಈ ಕೆಲಸಕ್ಕೇ ಇದೆ. ಡೋಸ್ ಹೆಚ್ಚಿಸಿದ ಮೇಲೆ ಮಂಕು ಹೆಚ್ಚಾಯಿತಾ ಅನ್ನುವ ದಿನಾಂಕದ ಲೆಕ್ಕ ನಿಮ್ಮ ಹತ್ತಿರ ಇದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಮುಖದಲ್ಲಿ ಏನೂ ಕಾಣಿಸದಿದ್ದರೆ ಒಳಗೂ ಏನೂ ಇಲ್ಲ ಅಂತಾನಾ?

ಅಲ್ಲ. ದಯವಿಟ್ಟು ಹಾಗಂದುಕೊಳ್ಳಬೇಡಿ. 1990ರ ದಶಕದಲ್ಲಿ ಆನ್ ಕ್ರಿಂಗ್ ಮತ್ತು ಸಹೋದ್ಯೋಗಿಗಳು ಸ್ಕಿಜೋಫ್ರೇನಿಯಾ ಇರುವವರಿಗೆ ಭಾವನೆ ಕೆರಳಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಅವರ ಮುಖದಲ್ಲಿ ಕಂಡ ಭಾವನೆ ಬೇರೆಯವರಿಗಿಂತ ಕಡಿಮೆ. ಆದರೆ ಒಳಗೆ ಏನನ್ನಿಸಿತು ಅಂತ ಕೇಳಿದಾಗ ಅವರು ಹೇಳಿದ ಭಾವನೆಯ ಮಟ್ಟ ಕಡಿಮೆ ಇರಲಿಲ್ಲ. ಅವರ ಮುಂದೆಯೇ "ಇವನಿಗೆ ಏನು ಹೇಳಿದರೂ ನಾಟಲ್ಲ" ಅಂತ ಮಾತಾಡುವವರು ಇದನ್ನು ತಿಳಿದುಕೊಳ್ಳಬೇಕು. ನಾಟುತ್ತದೆ.

ಹಾಗಾದರೆ ಖುಷಿಯೂ ಆಗುತ್ತದಾ?

ಎಷ್ಟೋ ಜನರಿಗೆ ಆ ಕ್ಷಣದಲ್ಲಿ ಆಗುತ್ತದೆ. ಹೆಚ್ಚು ಸೊರಗಿರುವುದು ಮುಂದೆ ಸಿಗುವ ಖುಷಿಯನ್ನು ಈಗಲೇ ಊಹಿಸಿಕೊಳ್ಳುವ ಶಕ್ತಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಹೋದರೆ ಖುಷಿಯಾಗುತ್ತದೆ ಅಂತ ಮನಸ್ಸಿಗೆ ಅನ್ನಿಸದಿದ್ದರೆ ಎದ್ದು ಹೊರಡುವುದು ಯಾಕೆ? ಇದರ ಜೊತೆಗೆ "ನಾನು ಏನು ಮಾಡಿದರೂ ಕೆಟ್ಟೇ ಹೋಗುತ್ತದೆ" ಅನ್ನುವ ನಂಬಿಕೆಯೂ ಎಷ್ಟೋ ಜನರಲ್ಲಿ ಬೇರೂರಿರುತ್ತದೆ. ಹಾಗಾಗಿ "ಖುಷಿಯಾಗಿದ್ದೀರಾ?" ಅಂತ ಒಂದೇ ಪ್ರಶ್ನೆ ಕೇಳಿ ಮುಗಿಸಬಾರದು. ಕಳೆದ ವಾರ ಯಾವುದರಿಂದ ಖುಷಿಯಾಯಿತು, ಎಷ್ಟು ಸಲ, ಎಷ್ಟರ ಮಟ್ಟಿಗೆ, ಬರುವ ವಾರ ಯಾವುದರಿಂದ ಆಗಬಹುದು ಅಂತ ಬಿಡಿಸಿ ಕೇಳಬೇಕು.

ಮನೆಯವರಾಗಿ ನಾವು ಏನು ಗಮನಿಸಬೇಕು? ಏನು ಹೇಳಬೇಕು?

ಕ್ಲಿನಿಕ್‌ನಲ್ಲಿ ಸಿಗುವುದು ಅರ್ಧ ಗಂಟೆ. ಉಳಿದ ಇಡೀ ವಾರ ನಿಮ್ಮ ಕಣ್ಣ ಮುಂದೆ ಇರುತ್ತದೆ. "ಏನೂ ಮಾಡಲ್ಲ ಡಾಕ್ಟ್ರೇ" ಅನ್ನುವ ಬದಲು ನಡೆದದ್ದನ್ನು ಹಾಗೇ ಹೇಳಿ. ಎಷ್ಟು ಹೊತ್ತಿಗೆ ಎದ್ದರು, ಸ್ನಾನಕ್ಕೆ ಎಷ್ಟು ಸಲ ಹೇಳಬೇಕಾಯಿತು, ತಾವಾಗಿಯೇ ಮಾತು ತೆಗೆದದ್ದು ಯಾವಾಗ, ಯಾರ ಜೊತೆ, ಯಾವ ವಿಷಯಕ್ಕೆ ಮುಖ ಅರಳಿತು. ಕೊನೆಯದನ್ನು ಬಿಡಬೇಡಿ. ಕೊರತೆಗಳನ್ನು ಎಣಿಸುವ ಭರದಲ್ಲಿ ಉಳಿದಿರುವ ಆಸಕ್ತಿ ಯಾರಿಗೂ ಕಾಣದೆ ಹೋಗುತ್ತದೆ. ಚಿಕಿತ್ಸೆ ಶುರುವಾಗಬೇಕಾದದ್ದು ಅಲ್ಲಿಂದಲೇ.

ಅವರ ಎದುರಿಗೆ ದೂರಿನ ಪಟ್ಟಿ ಓದಬೇಡಿ. ನಿಮ್ಮ ಜೊತೆ ಬೇರೆಯಾಗಿ ಮಾತಾಡಲು ವೈದ್ಯರನ್ನು ಕೇಳಿ, ಆದರೆ ಅದು ಕಾಯಿಲೆ ಇರುವವರಿಗೂ ಗೊತ್ತಿರಲಿ. ಇನ್ನೊಂದು ಮಾತು: ದಣಿದ ಕಣ್ಣಿಗೆ ಎಲ್ಲವೂ ನಿಜಕ್ಕಿಂತ ಕೆಟ್ಟದಾಗಿ ಕಾಣುವುದುಂಟು. ಎಲ್ಲಕ್ಕೂ ಒಗ್ಗಿಹೋಗಿ ಎಲ್ಲವೂ ಸರಿಯಿದೆ ಅನ್ನಿಸುವುದೂ ಉಂಟು. ಅದಕ್ಕೇ ಒಳ್ಳೆಯ ಮೌಲ್ಯಮಾಪನದಲ್ಲಿ ಒಬ್ಬರ ಮಾತನ್ನೇ ನೆಚ್ಚಿಕೊಳ್ಳುವುದಿಲ್ಲ.

ಕಾಯಿಲೆ ಇರುವವರೇ ಪ್ರಶ್ನಾವಳಿ ತುಂಬಬಹುದಾ?

ಖಂಡಿತ. 2016ರಲ್ಲಿ ಫ್ರಾನ್ಸ್‌ನ ಸೋನಿಯಾ ಡಾಲ್ಫಸ್ ಮತ್ತು ತಂಡ ಪ್ರಕಟಿಸಿದ ಎಸ್‌ಎನ್‌ಎಸ್ ಅನ್ನುವ 20 ವಾಕ್ಯಗಳ ಪ್ರಶ್ನಾವಳಿ ಇದೆ. ಬೇಗ ತುಂಬಬಹುದು. ಅವರ ಉತ್ತರಕ್ಕೂ ಸಂದರ್ಶಕರ ಅಂಕಕ್ಕೂ ಹೊಂದಿಕೆಯಾಗದಿದ್ದರೆ "ಇವರಿಗೆ ಅರಿವಿಲ್ಲ" ಅಂತ ತಳ್ಳಿಹಾಕಬೇಡಿ. ಆ ವ್ಯತ್ಯಾಸವನ್ನೇ ಇಟ್ಟುಕೊಂಡು ಮಾತಾಡಿ. ನಮಗೆ ಕಾಣದ ಆಸೆಯೊಂದು ಅಲ್ಲಿ ಇರಬಹುದು.

ಫೋನ್, ವಾಚ್‌ಗಳಿಂದ ಅಳೆಯಬಹುದು ಅಂತಾರೆ. ನಿಜವಾ?

ಸಂಶೋಧನೆಯಲ್ಲಿ ಬಳಕೆಯಾಗುತ್ತಿದೆ. ದಿನಕ್ಕೆ ಕೆಲವು ಸಲ ಫೋನ್ ಸದ್ದು ಮಾಡಿ "ಈಗ ಏನು ಮಾಡುತ್ತಿದ್ದೀರಿ? ಯಾರ ಜೊತೆ? ಹೇಗನ್ನಿಸುತ್ತಿದೆ?" ಅಂತ ಕೇಳುತ್ತದೆ. ಮರೆವಿನ ಸಮಸ್ಯೆ ಇಲ್ಲಿ ಕಡಿಮೆ. ಕೈಗೆ ಕಟ್ಟುವ ಸಾಧನ ಓಡಾಟ ಎಷ್ಟಿದೆ ಅಂತ ಅಳೆಯುತ್ತದೆ. ಆದರೆ ಯಾಕೆ ಓಡಾಡಲಿಲ್ಲ ಅಂತ ಅದು ಹೇಳಲಾರದು. ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಅನ್ನುವ ಭಯ ಇರುವವರಿಗೆ ಇಂಥದ್ದನ್ನು ಕಟ್ಟುವ ಮುಂಚೆ ಎರಡು ಸಲ ಯೋಚಿಸಬೇಕು.

ಮೊದಲಿಂದಲೂ ಮಾತು ಕಡಿಮೆ ಇರುವವರನ್ನು ಹೇಗೆ ಅಳೆಯುವುದು?

ಅವರ ಹಿಂದಿನ ಸ್ವಭಾವದ ಜೊತೆ ಹೋಲಿಸಿ. ಭಾವನೆ ತೋರಿಸುವ ರೀತಿ ಸಮಾಜದಿಂದ ಸಮಾಜಕ್ಕೆ ಬೇರೆ. ಹಿರಿಯರ ಎದುರು ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಲಕ್ಷಣ ಅನ್ನಿಸಿಕೊಳ್ಳುತ್ತದೆ. ಭಾಷೆಯ ವಿಷಯ ಇನ್ನೂ ಮುಖ್ಯ. ತಾಯ್ನುಡಿಯಲ್ಲದ ಭಾಷೆಯಲ್ಲಿ ಸಂದರ್ಶನ ಮಾಡಿ "ಮಾತು ಕಡಿಮೆ" ಅಂತ ಅಂಕ ಕೊಡುವುದು ಅನ್ಯಾಯ.

ಎಷ್ಟು ಸಲ ಅಳೆಯಬೇಕು?

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಚಿಕಿತ್ಸೆ ಬದಲಿಸುವ ಮುಂಚೆ ಒಂದು ಸಲ, ಆಮೇಲೆ ಕೆಲವು ತಿಂಗಳಿಗೊಮ್ಮೆ ನೋಡಬಹುದು. ಸಾಧ್ಯವಾದರೆ ಅಳೆಯುವವರೂ ಅವರೇ ಇರಲಿ, ಮಾಪಕವೂ ಅದೇ ಇರಲಿ. ಬೇರೆ ಕಾರಣಗಳು ಹತೋಟಿಯಲ್ಲಿದ್ದೂ ಕನಿಷ್ಠ 6 ತಿಂಗಳು ಉಳಿದುಕೊಂಡದ್ದನ್ನು "ಪಟ್ಟು ಬಿಡದ ನೆಗೆಟಿವ್ ಲಕ್ಷಣ" ಅಂತ ಸಂಶೋಧಕರು ಗುರುತಿಸುತ್ತಾರೆ.

ಅಂಕ ಜಾಸ್ತಿ ಬಂದರೆ ಇನ್ನು ಸುಧಾರಣೆ ಇಲ್ಲ ಅಂತಾನಾ?

ಇಲ್ಲ. ಅಂಕ ಇವತ್ತಿನ ಸ್ಥಿತಿಯನ್ನು ಹೇಳುತ್ತದೆ, ಮುಂದಿನದ್ದನ್ನಲ್ಲ. ಮೂಲ ನೆಗೆಟಿವ್ ಲಕ್ಷಣಗಳಿಗೆ ಔಷಧಿಗಳ ಪರಿಣಾಮ ಇನ್ನೂ ಸೀಮಿತ ಅನ್ನುವುದು ನಿಜ. ಆದರೂ ದಾರಿ ಮುಚ್ಚಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 461 ಜನರನ್ನು 26 ವಾರ ಗಮನಿಸಲಾಯಿತು. ಕ್ಯಾರಿಪ್ರಜೀನ್ ಅನ್ನುವ ಔಷಧಿ ಪಡೆದವರಲ್ಲಿ ನೆಗೆಟಿವ್ ಲಕ್ಷಣಗಳು ರಿಸ್ಪೆರಿಡೋನ್ ಅನ್ನುವ ಇನ್ನೊಂದು ಔಷಧಿ ಪಡೆದವರಿಗಿಂತ ಹೆಚ್ಚು ಇಳಿದವು. ಆ ಅಧ್ಯಯನಕ್ಕೆ ಆರಿಸಿದ್ದು ನೆಗೆಟಿವ್ ಲಕ್ಷಣಗಳೇ ಮೇಲುಗೈಯಾಗಿದ್ದವರನ್ನು. ಪಾಸಿಟಿವ್ ಲಕ್ಷಣ, ಖಿನ್ನತೆ, ಔಷಧಿಯ ಜಡತೆ ಜಾಸ್ತಿ ಇದ್ದವರನ್ನು ಮೊದಲೇ ಬೇರೆ ಮಾಡಿದ್ದರು. ಅಷ್ಟು ಎಚ್ಚರದಿಂದ ಅಳೆದಿದ್ದರಿಂದಲೇ ಫಲಿತಾಂಶಕ್ಕೆ ಅರ್ಥ ಬಂತು. ಔಷಧಿಯ ಜೊತೆಗೆ ಸಾಮಾಜಿಕ ಕೌಶಲ ತರಬೇತಿ, ಮಾತುಕತೆಯ ಮೂಲಕ ಕೊಡುವ ಮನಶ್ಚಿಕಿತ್ಸೆ, ವ್ಯಾಯಾಮ, ಬೆಂಬಲದ ಜೊತೆ ಉದ್ಯೋಗ ಇವೆಲ್ಲ ಇವೆ. ಯಾವುದು ಯಾರಿಗೆ ಅನ್ನುವುದು ಮೌಲ್ಯಮಾಪನದಲ್ಲಿ ಕಂಡ ಕಾರಣದ ಮೇಲೆ ನಿಂತಿದೆ.

ಅಂಕವನ್ನು ಅವರಿಗೆ ಹೇಳಬೇಕಾ?

ಹೇಳಬೇಕು, ಆದರೆ ಬರೀ ಸಂಖ್ಯೆಯಾಗಿ ಬೇಡ. "ನಿಮಗೆ ಗೆಳೆಯರನ್ನು ನೋಡುವ ಆಸೆ ಇದೆ, ಹೊರಡುವ ಹೊತ್ತಿಗೆ ಕಾಲು ಹಿಂದೆ ಬರುತ್ತದೆ ಅಂತ ನಮಗೆ ಅನ್ನಿಸಿತು, ಸರಿನಾ?" ಅಂತ ಕೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಅವರ ಬದುಕಿನ ಬಗ್ಗೆ ಬರೆದದ್ದನ್ನು ತಿದ್ದುವ ಹಕ್ಕು ಅವರಿಗಿದೆ.

ತಡಮಾಡದೆ ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭ ಯಾವುದು?

ನೆಗೆಟಿವ್ ಲಕ್ಷಣಗಳು ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತವೆ. ಕೆಲವು ಗಂಟೆ ಅಥವಾ ದಿನಗಳಲ್ಲಿ ಮಾತು ಪೂರ್ತಿ ನಿಂತುಹೋದರೆ, ಅಲುಗಾಡದೆ ಒಂದೇ ಭಂಗಿಯಲ್ಲಿ ಇದ್ದುಬಿಟ್ಟರೆ, ಊಟ ನೀರು ಬಿಟ್ಟರೆ ಅದು ಕ್ಯಾಟಟೋನಿಯಾ ಇರಬಹುದು. ಅದು ತುರ್ತು ಸ್ಥಿತಿ. ಲೊರಾಜೆಪಾಮ್ ಅನ್ನುವ ಔಷಧಿ, ಇಸಿಟಿ (ಮೆದುಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವುದು) ಇಂಥ ಚಿಕಿತ್ಸೆಗಳಿಗೆ ಚೆನ್ನಾಗಿ ಬಗ್ಗುವ ಸ್ಥಿತಿಯೂ ಹೌದು. ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಮೈ ಸೆಟೆದುಕೊಂಡು ಜೋರು ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ, ಅದನ್ನು ಎಷ್ಟೇ ತಣ್ಣಗಿನ ದನಿಯಲ್ಲಿ ಹೇಳಿದ್ದರೂ, ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.